ಫರ್ಮ್‌ವೇರ್‌ನ ಮೀಸಲು ಮೆಮೊರಿ ಮತ್ತು ನೇರ ಮರುಚಾಲನೆ

ಪ್ರಶ್ನೆ: ಕಂಪ್ಯೂಟರು ನೇರವಾಗಿ ಹೊಸ ಕರ್ನೆಲ್‌ಗೆ ಜಿಗಿದಾಗ ಮೀಸಲು ಮೆಮೊರಿ ಹಾಳಾಗದೇ? (ಓದುಗರೊಬ್ಬರು, ನೆಲಮಂಗಲ)

ಉತ್ತರ: ಬೆಂಗಳೂರಿನ ಐಬಿಎಂ ಎಂಜಿನಿಯರುಗಳು ಕುಸಿದ ವ್ಯವಸ್ಥೆಯ ಸ್ಥಿತಿಯನ್ನು ದಾಖಲಿಸುವ ಕೆಡಂಪ್‌ಗೆ ಆಧಾರವಾಗಿಸಿಕೊಂಡ, 2005ರಲ್ಲಿ ಲಿನಕ್ಸ್ ಸೇರಿದ ಕೆಎಕ್ಸೆಕ್ ಸೌಲಭ್ಯವು, ವ್ಯವಸ್ಥೆಯ ತಿರುಳಾದ ಕರ್ನೆಲ್ಲನ್ನು ಬದಲಿಸುವಾಗ, ಯಂತ್ರವನ್ನು ಎಚ್ಚರಿಸುವ ಮೂಲ ತಂತ್ರಾಂಶವಾದ ಫರ್ಮ್‌ವೇರನ್ನು ಮತ್ತೆ ಓಡಿಸುವುದಿಲ್ಲವಾದ್ದರಿಂದ, ಯಾವ ಮೆಮೊರಿ ಮೀಸಲೆಂಬುದು ಹಳೆಯ ಕರ್ನೆಲ್‌ನಿಂದಲೇ ಹೊಸದಕ್ಕೆ ತಲುಪಬೇಕಾಗುತ್ತದೆ. ಫರ್ಮ್‌ವೇರ್ ಕೊಟ್ಟ ಮೆಮೊರಿ ನಕ್ಷೆಯೊಂದೇ ಇದಕ್ಕೆ ಸಾಲದು, ಏಕೆಂದರೆ ಕರ್ನೆಲ್ ತಾನೇ ಆಮೇಲೆ ಕಾಯ್ದಿರಿಸಿದ ಜಾಗಗಳು ಅದರಲ್ಲಿ ಇರುವುದಿಲ್ಲ. ಕೆಲವು ಆರ್ಮ್ ಯಂತ್ರಗಳಲ್ಲಿ, ಸಾಧನಗಳ ಕರೆಗಳನ್ನು ಪ್ರೊಸೆಸರಿಗೆ ಮುಟ್ಟಿಸುವ ಘಟಕಕ್ಕೆ ಒಮ್ಮೆ ಒಪ್ಪಿಸಿದ ಕೋಷ್ಟಕದ ಜಾಗವನ್ನು ಹಿಂಪಡೆಯಲು ಬರುವುದಿಲ್ಲವಾಗಿ, ಹೊಸ ಕರ್ನೆಲ್ ಬಂದ ಮೇಲೂ ಘಟಕವು ಅಲ್ಲಿಯೇ ಬರೆಯುತ್ತಿರುತ್ತದೆ. ಇದು ನಿಜಕ್ಕೂ ಅಪಾಯಕಾರಿ. ಆದುದರಿಂದ ಅಂಥ ವಿಳಾಸಗಳ ಸರಪಳಿಪಟ್ಟಿಯೊಂದನ್ನು ಉಳಿಸಿಡಲಾಗುತ್ತದೆ, ಹೊಸ ಕರ್ನೆಲ್ ಅದನ್ನು ಆರಂಭದಲ್ಲೇ ಓದಿ ಆ ಜಾಗಗಳನ್ನು ಮುಟ್ಟದೆ ಬಿಡುತ್ತದೆ. ಹೊಸ ಕರ್ನೆಲ್ಲನ್ನು ಮೆಮೊರಿಗೆ ತುಂಬುವ ಸಾಧನಕ್ಕೂ ಈ ಮೀಸಲು ಕಾಣಿಸಬೇಕು. ಇಲ್ಲವಾದರೆ ಅದು ಪಟ್ಟಿಯ ಮೇಲೆಯೇ ಬರೆದುಬಿಡಬಹುದು.