ಕೆರೆಗೆ ಟ್ಯಾಂಕೆಂಬ ಹೆಸರು

ಹೊಳಲ್ಕೆರೆ ಸೀಮೆಯ ಬಿ.ದುರ್ಗದ ಕಡೆ ಟ್ಯಾಂಕು ಎಂದರೆ ಊರಿನ ಎತ್ತರದಲ್ಲಿ ಕಂಬಗಳ ಮೇಲೆ ನಿಂತ ನೀರಿನ ತೊಟ್ಟಿ, ಇಲ್ಲವೇ ಮೋಟಾರುಬೈಕಿನ ಪೆಟ್ರೋಲು ಹಿಡಿಯುವ ಭಾಗ. ಕೆರೆಯನ್ನು ಯಾರೂ ಹಾಗೆನ್ನರು. ಆದರೂ ಸರ್ಕಾರದ ಇಂಗ್ಲಿಷ್ ಕಾಗದಪತ್ರಗಳಲ್ಲಿ ನಮ್ಮ ಕೆರೆಗಳೆಲ್ಲ ಟ್ಯಾಂಕುಗಳೇ, ಮತ್ತು ವಿಚಾರಿಸಿ ನೋಡಿದರೆ ಆ ಶಬ್ದಕ್ಕೆ ಇಂಗ್ಲಿಷಿನಲ್ಲಿ ಮೊದಮೊದಲು ಇದ್ದ ಅರ್ಥವೂ ಅದೇ.

ಹದಿನೇಳನೆಯ ಶತಮಾನದಲ್ಲಿ ಪಶ್ಚಿಮ ಕರಾವಳಿಗೆ ಬಂದಿಳಿದ ಆಂಗ್ಲರು, ಗುಜರಾತಿಗಳೂ ಮರಾಠಿಗರೂ ನೀರಿನ ಕುಂಡಕ್ಕೆ ಹೇಳುತ್ತಿದ್ದ ಟಾಂಕು, ಟಾಂಕೆ ಎಂಬ ಮಾತುಗಳನ್ನು ಕೇಳಿ, ಅದೇ ಧ್ವನಿಯ ಪೋರ್ಚುಗೀಸ್ ಶಬ್ದವೊಂದರ ಬಲವೂ ದೊರೆಯಲಾಗಿ, ಅದನ್ನು ತಮ್ಮ ನುಡಿಗೆ ಸೇರಿಸಿಕೊಂಡರು. ನೀರನ್ನು ತಡೆದು ನಿಲ್ಲಿಸುವುದೆಂಬುದೇ ಆ ಪೋರ್ಚುಗೀಸ್ ಶಬ್ದದ ಮೂಲಾರ್ಥ. ಸಂಸ್ಕೃತದ ತಡಾಗವನ್ನೂ ಈ ಬಳಗಕ್ಕೆ ಸೇರಿಸಿದ ವಿದ್ವಾಂಸರುಂಟು. ಮೊದಲನೆಯ ಮಹಾಯುದ್ಧದಲ್ಲಿ ಆಂಗ್ಲರು ಉಕ್ಕಿನ ಯುದ್ಧರಥವನ್ನು ರಹಸ್ಯವಾಗಿ ನಿರ್ಮಿಸುವಾಗ, ಅದು ನೀರಿನ ತೊಟ್ಟಿಯೆಂದು ಜನ ಭಾವಿಸಲೆಂದು ಅದಕ್ಕೂ ಟ್ಯಾಂಕೆಂಬ ಹೆಸರನ್ನಿಟ್ಟರು. 1916ರ ಸೆಪ್ಟೆಂಬರ್ 15ರಂದು ಸೋಮ್ ರಣಾಂಗಣದಲ್ಲಿ ಅದು ಹೊರಬಿದ್ದ ಮೇಲೂ ಹೆಸರು ಉಳಿಯಿತು.

ಆ ಶಬ್ದಕ್ಕಿಂತ ನಮ್ಮ ಸೀಮೆಯ ಕೆರೆಯ ಕಥೆ ಬಹಳ ಹಳೆಯದು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ, ಭೈರವೇಶ್ವರ ಗುಡಿಯ ಬಳಿಯ ಬಂಡೆಯ ಮೇಲೆ, ನಾಲ್ಕನೆಯ ಶತಮಾನದ ಕದಂಬ ಮಯೂರಶರ್ಮನ ಪ್ರಾಕೃತ ಶಾಸನವೊಂದುಂಟು. 1929ರಲ್ಲಿ ಎಂ.ಎಚ್.ಕೃಷ್ಣ ಅವರು ಬೆಳಕಿಗೆ ತಂದ ಆ ಶಾಸನದಲ್ಲಿ ಪಲ್ಲವ, ಪುನ್ನಾಟ ಮೊದಲಾದ ರಾಜ್ಯಗಳ ಹೆಸರುಗಳಿದ್ದರೂ ಅದನ್ನು ಬರೆಸಿದ್ದು ತಟಾಕವೊಂದರ, ಎಂದರೆ ಕೆರೆಯೊಂದರ, ನಿರ್ಮಾಣವನ್ನು ಸಾರುವುದಕ್ಕಾಗಿ. ರಾಜ್ಯ ಕಟ್ಟಿದ ದೊರೆ ಕೆರೆಯ ನೆಪದಲ್ಲಿ ತನ್ನ ಹೆಸರನ್ನು ಕಲ್ಲಿಗೇರಿಸಿದನೆಂಬುದನ್ನು ನೆನೆದಾಗ ನನ್ನ ಮನಸ್ಸು ತುಂಬಿಬರುತ್ತದೆ.

ಏಕೆಂದರೆ ಕೆರೆಯೆಂಬುದು ಬರಿಯ ನೀರಿನ ಪಾತ್ರೆಯಲ್ಲ. ಮಣ್ಣಿನ ಏರಿ, ಅದರ ಒಳಮೈಗೆ ಹಾಸಿದ ಕಲ್ಲು, ಹೆಚ್ಚಿದ ನೀರನ್ನು ಸಾಗಹಾಕುವ ಕೋಡಿ, ಎರಡು ಕಲ್ಲುಕಂಬಗಳ ನಡುವೆ ಬಿರಡೆಯನ್ನು ಎತ್ತಿ ಇಳಿಸುವ ತೂಬು, ಸರದಿಯ ಪ್ರಕಾರ ಗದ್ದೆಗೆ ನೀರು ಹಾಯಿಸುವ ನೀರಗಂಟಿ, ಆ ನೀರು ಮುಟ್ಟುವಷ್ಟು ದೂರದ ಅಚ್ಚುಕಟ್ಟು, ಇವೆಲ್ಲವೂ ಸೇರಿದರೆ ಕೆರೆ. ಹೂಳು ತುಂಬಿ ತೂಬು ಮುಚ್ಚಿದ ಮೇಲೆಯೂ ಅದು ಸರ್ಕಾರದ ಪುಸ್ತಕದಲ್ಲಿ ಟ್ಯಾಂಕೆಂದೇ ಉಳಿಯುವುದನ್ನು ಕಂಡಾಗ ವ್ಯಥೆಯಾಗುತ್ತದೆ.

ಹಿರಿಯೂರಿನ ಬಳಿ ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ ಅಣೆಕಟ್ಟೆಯನ್ನು ಸೀಮೆಯ ಜನ ಇಂದಿಗೂ ಮಾರಿಕಣಿವೆ ಎನ್ನುತ್ತಾರೆ. 1933ರಲ್ಲಿ ತುಂಬಿ ಹರಿದಿದ್ದ ಅದು 2022ರಲ್ಲಿ ಮತ್ತೆ ತುಂಬಿದಾಗ, ಊರೂರಿನಿಂದ ನೋಡಹೋದವರ ಬಾಯಲ್ಲಿದ್ದುದು ಕೆರೆಯ ಮಾತೇ: ಕೋಡಿ ಬಿತ್ತು.