ಹನ್ನೆರಡು ತಿಂಗಳ ಕಲ್ಲುತೊಟ್ಟಿ

ಇಂಗ್ಲೆಂಡಿನ ನಾರ್ಫೋಕ್ ಸೀಮೆಯ ಉತ್ತರ ಕರಾವಳಿಯಲ್ಲಿ, ಉಪ್ಪುನೀರಿನ ಜೌಗಿನ ಅಂಚಿಗೆ ಇರುವ ಸಣ್ಣ ಊರು ಬರ್ನ್‌ಹ್ಯಾಮ್ ಡೀಪ್‌ಡೇಲ್. ಅಲ್ಲಿನ ಸೇಂಟ್ ಮೇರಿ ಚರ್ಚಿನ ಗೋಪುರ ದುಂಡಗಿದೆ. ಈ ಸೀಮೆಯಲ್ಲಿ ಅಂಥವು 100ಕ್ಕೂ ಹೆಚ್ಚು. ನೆಲದಲ್ಲಿ ಸಿಗುವುದು ಹೆಚ್ಚಾಗಿ ಚಕಮಕಿ ಕಲ್ಲು. ಮೂಲೆಗಲ್ಲಿಗೆ ಬರ, ಹಾಗಾಗಿ ಮೂಲೆಯಿಲ್ಲದ ಗೋಪುರ ಎನ್ನುತ್ತಾರೆ.

ಗೋಪುರ ನೋಡಿ ಅಲ್ಲಿಂದಲೇ ಹಿಂದಿರುಗಬೇಡಿ. ಊರಿನ ನಿಜವಾದ ಸಿರಿ ಒಳಗಿದೆ: 12ನೇ ಶತಮಾನದ ಚೌಕನೆಯ ಜ್ಞಾನಸ್ನಾನದ ತೊಟ್ಟಿ. ಅದರ ಒಂದು ಮೈಮೇಲೆ ಎಲೆಬಳ್ಳಿ. ಉಳಿದ ಮೂರರಲ್ಲಿ, ಪುಟ್ಟ ಕಮಾನುಗಳ ಕೆಳಗೆ, ವರ್ಷದ ಹನ್ನೆರಡು ತಿಂಗಳು.

ಜನವರಿಯಲ್ಲಿ ಒಬ್ಬ ಕೊಂಬಿನ ಪಾತ್ರೆಯಿಂದ ಕುಡಿಯುತ್ತಾನೆ. ಫೆಬ್ರವರಿಯಲ್ಲಿ ಬೆಂಕಿಗೆ ಕಾಲು ಕಾಯಿಸುತ್ತಾನೆ. ಅಲ್ಲಿಗೆ ಬಿಡುವು ಮುಗಿಯಿತು. ಮಾರ್ಚ್‌ನಲ್ಲಿ ನೆಲ ಅಗೆತ, ಜೂನ್‌ನಲ್ಲಿ ಕಳೆ, ಜುಲೈನಲ್ಲಿ ಹುಲ್ಲು ಕೊಯ್ಲು, ಆಗಸ್ಟ್‌ನಲ್ಲಿ ಸಿವುಡು ಕಟ್ಟುವುದು, ಸೆಪ್ಟೆಂಬರ್‌ನಲ್ಲಿ ತೆನೆ ಬಡಿಯುವುದು. ನವೆಂಬರ್‌ನಲ್ಲಿ ಚಳಿಗಾಲದ ಮಾಂಸಕ್ಕಾಗಿ ಹಂದಿ ಕಡಿಯುತ್ತಾರೆ. ಡಿಸೆಂಬರ್‌ನಲ್ಲಿ ಎಲ್ಲರೂ ಒಂದೇ ಮೇಜಿಗೆ ಊಟಕ್ಕೆ ಕೂರುತ್ತಾರೆ. ಆಕೃತಿಗಳು ಗಿಡ್ಡ, ಉಳಿಯ ಕೆಲಸ ಒರಟು. ಆದರೂ ಯಾರು ಏನು ಮಾಡುತ್ತಿದ್ದಾರೆಂದು ಹೊಲ ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ.

ಅದೇ ಶತಮಾನದ ವಿಂಚೆಸ್ಟರ್ ಕೆಥೆಡ್ರಲ್ ತೊಟ್ಟಿ ಬೆಲ್ಜಿಯಂನ ಟೂರ್ನೆಯಿಂದ ಬಂದ ಕಪ್ಪು ಕಲ್ಲಿನದು; ಅದರ ಮೇಲೆ ಸಂತ ನಿಕೋಲಸನ ಪವಾಡಗಳು. ಹೆರ್‌ಫರ್ಡ್‌ಶೈರ್‌ನ ಎರ್ಡಿಸ್ಲಿಯ ತೊಟ್ಟಿಯ ಮೇಲೆ ಇಬ್ಬರು ಯೋಧರು ಕಾದಾಡುತ್ತಾರೆ. ಕಲೆಯ ನಯದಲ್ಲಿ ಅವೆರಡೂ ಮೇಲು, ಒಪ್ಪೋಣ. ನನ್ನ ಮನಸ್ಸು ಮಾತ್ರ ಡೀಪ್‌ಡೇಲ್ ಕಡೆಗೇ. ತಿಂಗಳ ದುಡಿಮೆಯ ಚಿತ್ರಗಳು ಆ ಕಾಲದಲ್ಲಿ ಸಿರಿವಂತರ ಪ್ರಾರ್ಥನಾ ಪುಸ್ತಕಗಳಲ್ಲೂ ಇದ್ದವು. ಆದರೆ ಪುಸ್ತಕ ಒಕ್ಕಲಿನವನ ಕೈಗೆ ಬರುತ್ತಿರಲಿಲ್ಲ. ಈ ಕಲ್ಲಿನ ಬಳಿಗೆ ಅವನ ಕೂಸನ್ನೇ ಎತ್ತಿಕೊಂಡು ಬರುತ್ತಿದ್ದರು. ಶಿಶುಮರಣದ ಭಯದಿಂದ, ಹುಟ್ಟಿದ ಕೆಲವೇ ದಿನಗಳಲ್ಲಿ, ಎಷ್ಟೋ ಸಲ ಅದೇ ದಿನ, ಜ್ಞಾನಸ್ನಾನ ಮಾಡಿಸುತ್ತಿದ್ದರು. ಮಗುವಿಗೆ ಹೆಸರಿಡುವ ಹೊತ್ತಿನಲ್ಲಿ ನೆರೆದವರ ಕಣ್ಣೆದುರು ಅವರದೇ ದುಡಿಮೆ ಇರುತ್ತಿತ್ತು. ಭೂಮಾಲೀಕನಿಗೆ ಕಟ್ಟುಬಿದ್ದವನ ಬೆವರಿಗೆ ಇಷ್ಟು ಪವಿತ್ರವಾದ ಜಾಗ ಕೊಟ್ಟ ಶಿಲ್ಪಗಳು ತೀರ ಕಡಿಮೆ.

ತೊಟ್ಟಿಯ ನೀರಿಗೂ ಬೇಡಿಕೆಯಿತ್ತು. ಮಾಟಮಂತ್ರಕ್ಕೆ ಕದಿಯುತ್ತಾರೆಂದು, ತೊಟ್ಟಿಗಳಿಗೆ ಮುಚ್ಚಳ ಹಾಕಿ ಬೀಗ ಜಡಿಯುವಂತೆ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಎಡ್ಮಂಡ್ 1236ರಲ್ಲಿ ಆಜ್ಞೆ ಮಾಡಿದ. ಅನೇಕ ಹಳೆಯ ತೊಟ್ಟಿಗಳ ಅಂಚಿನಲ್ಲಿ ಬೀಗದ ಕಬ್ಬಿಣ ಕಿತ್ತ ಗಾಯ ಇಂದಿಗೂ ಕಾಣುತ್ತದೆ.

ಡೀಪ್‌ಡೇಲ್ ಹಿಡಿಸಿದವರು ಕೆಂಟ್‌ನ ಬ್ರೂಕ್‌ಲ್ಯಾಂಡ್‌ಗೂ ಹೋಗಬೇಕು. ಅಲ್ಲಿರುವುದು 12ನೇ ಶತಮಾನದ್ದೇ, ಆದರೆ ಸೀಸದಲ್ಲಿ ಎರಕ ಹೊಯ್ದ ತೊಟ್ಟಿ. ಕೆಳಸಾಲಿನಲ್ಲಿ ತಿಂಗಳ ಕೆಲಸ, ಮೇಲುಸಾಲಿನಲ್ಲಿ ರಾಶಿಚಿಹ್ನೆಗಳು.