ಗಣಕ ಕೊಠಡಿಯ ಬೀಗ ಮತ್ತು ಮಳೆಯ ಬಾಟಲಿ

ಹಲವು ವರ್ಷಗಳ ಹಿಂದೆ ಸವಣೂರು ತಾಲ್ಲೂಕಿನ ಒಂದು ಪ್ರೌಢಶಾಲೆಗೆ ಗಣಿತ ಶಿಕ್ಷಕನಾಗಿ ವರ್ಗವಾಗಿ ಹೋದ ಮೊದಲ ದಿನ ಅಲ್ಲಿನ ಮುಖ್ಯೋಪಾಧ್ಯಾಯರು ನನಗೆ ಶಾಲೆಯನ್ನೆಲ್ಲ ಸುತ್ತಾಡಿಸಿ ತೋರಿಸಿದರು. ಕೊನೆಗೆ ಕಬ್ಬಿಣದ ಜಾಲರಿ ಬಾಗಿಲಿನ ಕೊಠಡಿಯೊಂದರ ಮುಂದೆ ನಿಂತು, 'ಇದು ನಮ್ಮ ಕಂಪ್ಯೂಟರ್ ರೂಮ್' ಎಂದರು. ಒಳಗೆ ಹತ್ತು ಗಣಕಯಂತ್ರಗಳು ಬಟ್ಟೆ ಹೊದ್ದು ಕುಳಿತಿದ್ದವು. ಬೀಗದ ಕೈ ಅವರ ಕಪಾಟಿನಲ್ಲಿತ್ತು. ಮಕ್ಕಳಿಗೆ ಯಾವಾಗ ತೆರೆಯುತ್ತೀರಿ ಎಂದು ಕೇಳಿದಾಗ ಅವರು ಹೇಳಿದ ಮಾತು ಇನ್ನೂ ನೆನಪಿದೆ: 'ಹುಡುಗ್ರು ಕೆಡಿಸಿದ್ರ ಆಡಿಟ್‌ನ್ಯಾಗ ಉತ್ತರ ಕೊಡೋರು ಯಾರ್ರೀ ಮಾಸ್ತರ?'

ಅವರನ್ನು ದೂರುವ ಉದ್ದೇಶ ನನಗಿಲ್ಲ. ದಾಸ್ತಾನು ಪುಸ್ತಕದಲ್ಲಿ ಬರೆದ ವಸ್ತು ಕಳೆದರೆ, ಕೆಟ್ಟರೆ ಸಹಿ ಹಾಕಿದವನೇ ಹೊಣೆ ಎಂಬುದು ನಮ್ಮ ಸರ್ಕಾರಿ ವ್ಯವಸ್ಥೆಯ ರೀತಿ. ಉಪಯೋಗಿಸಿ ಕೆಡಿಸಿದವನಿಗೆ ನೋಟಿಸು ಬರುತ್ತದೆ. ಉಪಯೋಗಿಸದೆ ಹಾಳುಮಾಡಿದವನಿಗೆ ಯಾವ ತೊಂದರೆಯೂ ಇಲ್ಲ. ಹೀಗಿರುವಾಗ ಬೀಗ ಹಾಕುವುದೇ ಜಾಣತನವಾಗುತ್ತದೆ.

ನಾನು ಮೂವತ್ತು ವರ್ಷಗಳಿಗೂ ಮಿಕ್ಕಿ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಶಾಲೆಗಳಲ್ಲಿ ಪಾಠ ಹೇಳಿದವನು. ಈ ಅವಧಿಯಲ್ಲಿ ತಂತ್ರಜ್ಞಾನದ ಹೆಸರಿನಲ್ಲಿ ಬಂದುಹೋದ ಯೋಜನೆಗಳು ಕಡಿಮೆಯೇನಲ್ಲ. ಈ ಶತಮಾನದ ಆರಂಭದಲ್ಲಿ 'ಮಾಹಿತಿ ಸಿಂಧು' ಬಂದಿತು. 2004ರ ಸೆಪ್ಟೆಂಬರ್‌ನಲ್ಲಿ ಎಜುಸ್ಯಾಟ್ ಉಪಗ್ರಹ ಬಾನಿಗೇರಿದ ಮೇಲೆ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಅದರ ಮೂಲಕ ಪಾಠ ಬಿತ್ತರವಾಯಿತು. ಅನಂತರ ಶಿಕ್ಷಕರಿಗೆ ಗಣಕ ತರಬೇತಿ, ಪಠ್ಯಪುಸ್ತಕದ ಪುಟಗಳಲ್ಲಿ ಕ್ಯೂಆರ್ ಕೋಡ್ ಎಲ್ಲವೂ ಬಂದವು. ಪ್ರತಿಯೊಂದರಲ್ಲಿಯೂ ಯಂತ್ರ ಎಷ್ಟು, ಶಾಲೆ ಎಷ್ಟು ಎಂಬ ಲೆಕ್ಕವಿತ್ತು. ಯಂತ್ರದ ಮುಂದೆ ಮಕ್ಕಳು ಹೇಗೆ ಕುಳಿತುಕೊಳ್ಳಬೇಕು, ಪರಸ್ಪರ ಏನು ಮಾತಾಡಬೇಕು ಎಂಬ ಯೋಚನೆ ಮಾತ್ರ ಅಪರೂಪವಾಗಿತ್ತು. ನನ್ನ ಅನುಭವದಲ್ಲಿ ಕಲಿಕೆ ನಡೆಯುವುದು ಯಂತ್ರದ ಒಳಗಲ್ಲ, ಅದರ ಸುತ್ತ ನಡೆಯುವ ಮಾತುಕತೆಯಲ್ಲಿ.

ಇದನ್ನು ನನಗೆ ಕಲಿಸಿದ್ದು ಒಂದು ಒಡಕು ಬಾಟಲಿ. 2019ರ ಮುಂಗಾರಿನಲ್ಲಿ ನಾನು ಹಾನಗಲ್ ತಾಲ್ಲೂಕಿನ ಶಾಲೆಯೊಂದರಲ್ಲಿದ್ದೆ. ಉಳಿದ ಮೂರು ತಾಲ್ಲೂಕುಗಳಲ್ಲಿದ್ದ ಹಳೆಯ ಸಹೋದ್ಯೋಗಿ ಮಿತ್ರರೊಂದಿಗೆ ಸೇರಿ ಒಂದು ಸಣ್ಣ ಪ್ರಯೋಗಕ್ಕೆ ಕೈಹಾಕಿದೆ. ನಾಲ್ಕೂ ಶಾಲೆಯ ಒಂಬತ್ತನೆಯ ತರಗತಿಯ ಮಕ್ಕಳು ಪ್ಲಾಸ್ಟಿಕ್ ಬಾಟಲಿಯ ಕುತ್ತಿಗೆ ಕತ್ತರಿಸಿ, ಅದನ್ನೇ ಬೋರಲು ಹಾಕಿ ಲಾಳಿಕೆ ಮಾಡಿ, ಪಕ್ಕಕ್ಕೆ ಅಳತೆಪಟ್ಟಿ ಅಂಟಿಸಿ ಮಳೆಮಾಪಕ ತಯಾರಿಸಿದರು. ದಿನವೂ ಬೆಳಿಗ್ಗೆ ಎಂಟೂವರೆಗೆ, ಹವಾಮಾನ ಇಲಾಖೆಯವರು ಅಳೆಯುವ ಹೊತ್ತಿಗೇ, ಅಳತೆ ಬರೆದುಕೊಳ್ಳುವುದು. ಶಿಕ್ಷಕರ ಫೋನಿನಿಂದ ವಾಟ್ಸ್‌ಆ್ಯಪ್ ಮೂಲಕ ಉಳಿದ ಮೂರು ಶಾಲೆಗಳಿಗೆ ಕಳಿಸುವುದು. ಶನಿವಾರ ಗಣಕಯಂತ್ರದಲ್ಲಿ ನಾಲ್ಕೂ ಊರಿನ ಅಂಕಿಗಳನ್ನು ತುಂಬಿ ಸ್ತಂಭಾಲೇಖ ಎಳೆಯುವುದು. ಯೋಜನೆ ಇಷ್ಟೇ.

ಮೊದಲ ವಾರವೇ ತಕರಾರು ಎದ್ದಿತು. ಹಿರೇಕೆರೂರಿನ ಅಂಕಿ ನೋಡಿದ ನಮ್ಮ ಹುಡುಗನೊಬ್ಬ, 'ಸರ್, ಅವರ ಬಾಟ್ಲಿ ಬಾಯಿ ದೊಡ್ಡದೈತ್ರೀ, ಅದಕ್ಕ ಹೆಚ್ಚು ಮಳಿ ಬಿದ್ದಂಗ ಕಾಣತೈತಿ' ಎಂದ. ನಾನು ಉತ್ತರ ಹೇಳಲಿಲ್ಲ. ಸಣ್ಣದೊಂದು, ದೊಡ್ಡದೊಂದು ಬಾಟಲಿಯನ್ನು ಒಂದೇ ಅಂಗಳದಲ್ಲಿ ಇಟ್ಟು ನೋಡಲು ಅವರೇ ನಿರ್ಧರಿಸಿದರು. ನೆಟ್ಟಗಿರುವ ಗೋಡೆಯ ಬಾಟಲಿಗಳಲ್ಲಿ ನೀರಿನ ಪ್ರಮಾಣ ಬೇರೆಯಾದರೂ ಎತ್ತರ ಒಂದೇ ಎಂದು ಕಂಡಾಗ, ಮಳೆಯನ್ನು ಲೀಟರಿನಲ್ಲಿ ಹೇಳದೆ ಮಿಲಿಮೀಟರಿನಲ್ಲಿ ಏಕೆ ಹೇಳುತ್ತಾರೆಂಬುದು ತಾನಾಗಿ ತಿಳಿಯಿತು. ಸಿಲಿಂಡರಿನ ಘನಫಲವನ್ನು ನಾನು ಎಷ್ಟೋ ವರ್ಷ ಕಪ್ಪುಹಲಗೆಯ ಮೇಲೆ ಬರೆದಿದ್ದೇನೆ. ತಳದ ವಿಸ್ತೀರ್ಣವನ್ನು ಎತ್ತರದಿಂದ ಗುಣಿಸುವುದು ಏಕೆಂದು ಇಷ್ಟು ಚೆನ್ನಾಗಿ ಎಂದೂ ಅರ್ಥಮಾಡಿಸಿರಲಿಲ್ಲ.

ಎರಡನೆಯ ಜಗಳ ಇನ್ನೂ ಸ್ವಾರಸ್ಯದ್ದು. ಜುಲೈನ ಒಂದು ಬೆಳಿಗ್ಗೆ ಸವಣೂರಿನ ಅಂಕಿ ಹಾನಗಲ್ಲಿನದಕ್ಕಿಂತ ಬಹಳ ಹೆಚ್ಚು ಬಂದಿತು. ಹಾನಗಲ್ ಮಲೆನಾಡಿನ ಅಂಚಿನ ಸೀಮೆ, ಸವಣೂರು ಬಯಲು. ನಮ್ಮ ಗುಂಪಿನ ಹುಡುಗಿಯೊಬ್ಬಳು ಫೋನು ಹಿಡಿದು, 'ನಿಮ್ಮ ಬಾಟ್ಲಿ ಎಲ್ಲಿ ಇಟ್ಟೀರಿ, ಒಂದು ಫೋಟೋ ಕಳಸ್ರಿ' ಎಂದು ಕೇಳಿದಳು. ಚಿತ್ರ ಬಂದಿತು. ಬಾಟಲಿ ಹಂಚಿನ ಸೂರಿನ ಕೆಳಗೇ ಇತ್ತು! ಮಾಡಿನ ನೀರೆಲ್ಲ ಅದರೊಳಗೆ ಇಳಿದಿತ್ತು. ಸವಣೂರಿನ ಮಕ್ಕಳು ಆ ಅಂಕಿಯನ್ನು ತಾವೇ ಹೊಡೆದುಹಾಕಿ, ಬಾಟಲಿಯನ್ನು ಬಯಲಿಗೆ ಒಯ್ದರು. ಆಗಸ್ಟ್‌ನಲ್ಲಿ ವರದೆ ಉಕ್ಕಿ ಹರಿದ ದಿನಗಳಲ್ಲಿ ಬಾಟಲಿಗಳೂ ತುಂಬಿ ಚೆಲ್ಲಿದವು. ಚೆಲ್ಲಿದ ನೀರನ್ನು ಊಹಿಸಿ ಬರೆಯಬಹುದೇ ಎಂಬ ಚರ್ಚೆ ನಾಲ್ಕೂ ಶಾಲೆಗಳಲ್ಲಿ ನಡೆದು, 'ಅಳತೆ ಸಿಕ್ಕಿಲ್ಲ' ಎಂದೇ ಬರೆಯಬೇಕೆಂದು ತೀರ್ಮಾನವಾಯಿತು. ತಿಳಿಯದ್ದನ್ನು ತಿಳಿಯದೆಂದು ಬರೆಯುವ ಪ್ರಾಮಾಣಿಕತೆಯನ್ನು ಯಾವ ಪರೀಕ್ಷೆ ಅಳೆಯುತ್ತದೆ?

ಹಂಗಾಮು ಮುಗಿಯುವ ಹೊತ್ತಿಗೆ ನಾಲ್ಕು ಬಣ್ಣದ ಸ್ತಂಭಗಳು ಪರದೆಯ ಮೇಲೆ ನಿಂತಾಗ, ಹಾನಗಲ್ಲಿನಲ್ಲಿ ಭತ್ತ, ಸವಣೂರಿನಲ್ಲಿ ಜೋಳ-ಹತ್ತಿ ಏಕೆಂದು ಯಾರೂ ಹೇಳಿಕೊಡಬೇಕಾಗಲಿಲ್ಲ. ಭೂಗೋಳದ ಪಾಠ ಅವರ ಮನೆಯ ಹೊಲದಿಂದಲೇ ಎದ್ದು ಬಂದಿತ್ತು.

ಗುಂಪು ಎಂದೊಡನೆ ಎಲ್ಲವೂ ಸುಸೂತ್ರವೆಂದು ಭಾವಿಸಬೇಕಿಲ್ಲ. ಮೊದಲೆರಡು ಶನಿವಾರ ಕೊಠಡಿಯಲ್ಲಿ ನಾನು ಕಂಡದ್ದು ಬೇರೆಯೇ. ಜಾಣನೊಬ್ಬ ಮೌಸ್ ಹಿಡಿದು ಕುಳಿತ, ಮತ್ತಿಬ್ಬರು ನೋಡುತ್ತಿದ್ದರು, ಹುಡುಗಿಯರು ಹಿಂದೆ ನಿಂತಿದ್ದರು. ಗುಂಪಿನ ಹೆಸರಿನಲ್ಲಿ ಒಬ್ಬನೇ ಕಲಿಯುತ್ತಿದ್ದ. ಆಗ ಕೆಲಸ ಹಂಚಿದೆ: ಒಬ್ಬರು ಅಂಕಿ ಓದುವುದು, ಒಬ್ಬರು ತುಂಬುವುದು, ಒಬ್ಬರು ತಪ್ಪು ಹುಡುಕುವುದು, ಒಬ್ಬರು ಆಲೇಖದ ಅರ್ಥವನ್ನು ತರಗತಿಗೆ ಹೇಳುವುದು, ವಾರವಾರ ಸರದಿ ಬದಲು. ಜೊತೆಗೆ, ನಾನು ಗುಂಪಿನಲ್ಲಿ ಯಾರನ್ನಾದರೂ ಎಬ್ಬಿಸಿ ಕೇಳುತ್ತೇನೆ, ಆ ಉತ್ತರವೇ ಇಡೀ ಗುಂಪಿನ ಉತ್ತರ ಎಂದೂ ಹೇಳಿದೆ. ಅಲ್ಲಿಂದ ಜಾಣನಿಗೆ ಹಿಂದಿನವನಿಗೆ ಕಲಿಸುವ ಗರಜು ಹುಟ್ಟಿತು. 1971ರಲ್ಲಿ ಅಮೆರಿಕದ ಆಸ್ಟಿನ್ ನಗರದ ಶಾಲೆಗಳಲ್ಲಿ, ಬಿಳಿಯ-ಕರಿಯ ಮಕ್ಕಳು ಮೊದಲಬಾರಿ ಒಂದೇ ಕೋಣೆಯಲ್ಲಿ ಕುಳಿತು ಮುಖ ತಿರುಗಿಸುತ್ತಿದ್ದಾಗ, ಎಲಿಯಟ್ ಆರನ್ಸನ್ ಎಂಬ ಮನಶ್ಶಾಸ್ತ್ರಜ್ಞ ಪಾಠವನ್ನು ತುಂಡುಮಾಡಿ ಒಬ್ಬೊಬ್ಬರಿಗೆ ಒಂದೊಂದು ತುಂಡು ಕೊಟ್ಟನಂತೆ. ಉಳಿದವರ ತುಂಡಿಲ್ಲದೆ ಯಾರಿಗೂ ಪಾಠ ಪೂರ್ತಿಯಾಗುವುದಿಲ್ಲ. ನಮ್ಮ ಹೊಲಗಳಲ್ಲಿ ಇದನ್ನೇ ಮುಯ್ಯಾಳು ಎನ್ನುತ್ತಾರೆ: ಇಂದು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು.

ನಮ್ಮ ಶಿಕ್ಷಣ ಇಲಾಖೆಗೂ ಇದು ಹೊಸದಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊಳೆತ 'ನಲಿ-ಕಲಿ'ಯ ಜೀವಾಳವೇ ಗುಂಪು. ಅಲ್ಲಿ ಸಹಪಾಠಿಯೇ ಎಷ್ಟೋ ಸಲ ಗುರು. ಮೂರನೆಯ ತರಗತಿ ದಾಟಿದೊಡನೆ ಆ ಮಕ್ಕಳನ್ನು ಸಾಲುಬೆಂಚಿಗೆ ಕೂರಿಸಿ, ಮಾತಾಡಿದರೆ ಗದರಿಸುತ್ತೇವೆ. ವಿಪರ್ಯಾಸವಲ್ಲವೇ?

ಇದರ ನಿಜವಾದ ಪರೀಕ್ಷೆ ಬಂದದ್ದು 2020ರಲ್ಲಿ. ಶಾಲೆ ಮುಚ್ಚಿ, ಆಗಸ್ಟ್‌ನಲ್ಲಿ 'ವಿದ್ಯಾಗಮ' ಆರಂಭವಾದಾಗ ಮಕ್ಕಳನ್ನು ಇಂಟರ್ನೆಟ್ ಉಳ್ಳ ಫೋನಿದ್ದವರು, ಬರೀ ಫೋನಿದ್ದವರು, ಏನೂ ಇಲ್ಲದವರು ಎಂದು ವಿಂಗಡಿಸಬೇಕಾಯಿತು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದು ನಿಂತಿತು. ಅದಕ್ಕೆ ಮೊದಲಿನ ಕೆಲವೇ ವಾರ ನಾನು ಗುಡಿಯ ಕಟ್ಟೆಗಳ ಮೇಲೆ ಕಂಡದ್ದು ಇದು: ಮನೆಯಲ್ಲಿ ಒಬ್ಬನೇ ಫೋನು ಹಿಡಿದು ಕುಳಿತ ಹುಡುಗ ಹತ್ತು ನಿಮಿಷದಲ್ಲಿ ಆಟಕ್ಕೆ ಜಾರುತ್ತಿದ್ದ, ಕಟ್ಟೆಯ ಮೇಲೆ ಒಂದು ಫೋನಿನ ಸುತ್ತ ದೂರ ದೂರ ಕುಳಿತ ನಾಲ್ವರು ಲೆಕ್ಕ ಮುಗಿಸಿಯೇ ಏಳುತ್ತಿದ್ದರು. ಮೊದಲ ಗುಂಪಿನ ಮಗುವನ್ನು ಮೂರನೆಯ ಗುಂಪಿನ ಮಗುವಿನ ಪಕ್ಕ ಕೂರಿಸಿದಾಗ ಇಬ್ಬರಿಗೂ ಲಾಭವಾಯಿತು.

ಆದುದರಿಂದ ಮಗುವಿಗೊಂದು ಟ್ಯಾಬ್ ಎಂಬ ಘೋಷಣೆ ಕೇಳಿದಾಗಲೆಲ್ಲ ನನಗೆ ಅಳುಕು. ನಾಲ್ವರಿಗೊಂದು ಯಂತ್ರ ಸಾಕು. ಅದು ಕೆಲಸ ಮಾಡಬೇಕು, ಬೀಗದ ಹೊರಗಿರಬೇಕು. ಮಕ್ಕಳ ಬಳಕೆಯಿಂದ ಕೆಟ್ಟ ಯಂತ್ರವನ್ನು ದಂಡವಿಲ್ಲದೆ ದಾಸ್ತಾನಿನಿಂದ ತೆಗೆಯುವ ಅಧಿಕಾರ ಮುಖ್ಯೋಪಾಧ್ಯಾಯರಿಗೆ ಬೇಕು. ವಾರಕ್ಕೊಮ್ಮೆ ಎರಡು ಅವಧಿ ಒಟ್ಟಿಗೆ ಸಿಗಬೇಕು. ಎಸ್ಸೆಸ್ಸೆಲ್ಸಿಯ ಆಂತರಿಕ ಮೌಲ್ಯಮಾಪನದ 20 ಅಂಕಗಳಲ್ಲಿ ಒಂದು ಪಾಲು ನಿಜವಾದ ಗುಂಪು ಕೆಲಸಕ್ಕೆ ಮೀಸಲಾಗಬೇಕು. ಶಿಕ್ಷಕರೂ ಒಂಟಿಯಾಗಿರಬಾರದು, 2011ರಲ್ಲಿ ಆರಂಭವಾದ ವಿಷಯ ಶಿಕ್ಷಕರ ವೇದಿಕೆಯಂಥ ಕಡೆ ಗಣಿತದ ಮಾಸ್ತರರು ಪಾಠಗಳನ್ನು ಹಂಚಿಕೊಂಡು ಕಲಿತದ್ದು ನಮ್ಮೆದುರಿಗಿದೆ.

ಹಾನಗಲ್ಲಿನ ಶಾಲೆಯಲ್ಲಿ ನಮ್ಮ ಮುಖ್ಯೋಪಾಧ್ಯಾಯಿನಿ ಒಂದು ಧೈರ್ಯ ಮಾಡಿದ್ದರು. ಗಣಕ ಕೊಠಡಿಯ ಬೀಗದ ಕೈಯನ್ನು ವಾರಕ್ಕೊಂದು ಗುಂಪಿನ ಕೈಗೆ ಕೊಟ್ಟು, ತೆರೆದ ಹೊತ್ತು, ಮುಚ್ಚಿದ ಹೊತ್ತು, ಕೆಟ್ಟದ್ದು, ಸರಿಯಾದದ್ದು ಎಲ್ಲವನ್ನೂ ಮಕ್ಕಳಿಂದಲೇ ನೋಟುಬುಕ್ಕಿನಲ್ಲಿ ಬರೆಸುತ್ತಿದ್ದರು. ಆ ವರ್ಷದ ಪುಸ್ತಕದಲ್ಲಿ 'ಕೆಟ್ಟದ್ದು' ಎಂಬ ಕಾಲಮಿನಲ್ಲಿ ಇದ್ದದ್ದು ಒಂದೇ ಸಾಲು: ಒಂದು ಮೌಸ್. ಅದರ ಕೆಳಗೆ ಮಗುವಿನ ದುಂಡಕ್ಷರದಲ್ಲಿ ಹೀಗಿತ್ತು: 'ಇಲಿ ಕಡಿದಿದೆ, ನಾವಲ್ಲ.'